ಕಾಂಡ್ಲಾ ಮರದಲ್ಲೊಂದು ಕಿಟಕಿ

ಹಾಯ್ಟ್ ಪ್ಯಾಜೆಟ್ ಸುಳ್ಳು ಹೇಳುವ ಮನುಷ್ಯನಲ್ಲ. ಸುಳ್ಳು ಹೇಳಬೇಕಾದರೆ ಮೊದಲು ಬಾಯಿ ಬಿಡಬೇಕಲ್ಲ, ಅದೇ ಅವನಿಗೆ ಆಗದ ಕೆಲಸ. ಅಂಥವನು ಆ ಮಾರ್ಚ್ ತಿಂಗಳಲ್ಲಿ ಕಾಂಡ್ಲಾ ಮರ ಸವರುವ ಲುವಾನ್ ಸ್ಟೈಲ್ಸ್‌ಗೆ ತಾನಾಗಿ ಫೋನ್ ಮಾಡಿ, "ನಮ್ಮ ದಕ್ಕೆ ಮೇಲೆ ಕೂತ್ರೆ ಸೂರ್ಯ ಮುಳುಗೋದು ಕಾಣಲ್ಲ, ಎದುರಿನ ಮರ ಸ್ವಲ್ಪ ಸವರಿಕೊಡಿ" ಎಂದ. ಅಂಥ ಅಡ್ಡಾದಿಡ್ಡಿ ಸುಳ್ಳನ್ನು ಫ್ಲಾರಿಡಾದ ಸ್ನುಕ್ ಕೀ ದ್ವೀಪದಲ್ಲಿ ಅದುವರೆಗೆ ಯಾರೂ ಹೇಳಿರಲಿಲ್ಲ. ದೋಣಿ ಕಟ್ಟಲು ನೀರಿನೊಳಕ್ಕೆ ಚಾಚಿ ಕಟ್ಟಿದ ಅವನ ಹಲಗೆಯ ದಕ್ಕೆ ಇರುವುದೇ ಪೂರ್ವಕ್ಕೆ. ಸೂರ್ಯ ಮುಳುಗುವುದು ಅವನ ಬೆನ್ನ ಹಿಂದೆ, ರಸ್ತೆಯಾಚೆ ಗಾಳಕ್ಕೆ ಸೀಗಡಿ ಮಾರುವ ಅಂಗಡಿಯ ತಗಡಿನ ಮೇಲೆ.

ಆಯುಷ್ಯವೆಲ್ಲ ಅವನು ಮಾಡಿದ್ದು ಎತ್ತುವ ಸೇತುವೆಯ ಕೆಲಸ. ಮೇಲಿನ ಗೂಡಿನಲ್ಲಿ ಕೂತು, ದೋಣಿ ಬಂದಾಗ ಸೇತುವೆ ಎತ್ತುವುದು, ದೋಣಿ ದಾಟಿದ ಮೇಲೆ ಇಳಿಸುವುದು. ಗಾಳಿ ಯಾವ ಕಡೆಯಿಂದ, ಸೆಳೆತ ಯಾವ ಕಡೆಗೆ ಎಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದ. ಎಲ್ಲರಿಗೂ ದಾರಿ ಬಿಡುತ್ತ ಬಿಡುತ್ತ ತನಗೊಂದು ಮದುವೆ ಮಾಡಿಕೊಳ್ಳುವುದನ್ನು ಮರೆತ. ಎಪ್ಪತ್ತು ದಾಟಿದ ಮೇಲೆ ಈಗ ಪೂರ್ವ ಪಶ್ಚಿಮವನ್ನೂ ಮರೆತ. ಯಾಕೆ ಮರೆತ ಎನ್ನುವುದು ಅವನ ಜೊತೆಗಿದ್ದ ಅಕ್ಕ ವರ್ನಾಗೆ ಚೆನ್ನಾಗಿ ಗೊತ್ತಿತ್ತು. ಕಾಲುವೆಯ ಪೆಲಿಕನ್ ಹಕ್ಕಿಗಳಿಗೂ ಗೊತ್ತಿತ್ತೆಂದು ಕಾಣುತ್ತದೆ.

ಎದುರು ದಡದಲ್ಲಿ ಒಡಾಲಿಸ್ ಕೆಸಾದಾ ಇದ್ದಳು. ಗಂಡ ಸತ್ತ ಮೇಲೆ ಮಯಾಮಿಯ ಕ್ಷೌರದಂಗಡಿ ಮಾರಿ, ಒಂದು ಮುದಿ ನಾಯಿಯ ಜೊತೆ ಈ ಕಡೆ ಬಂದು ನೆಲೆಸಿದವಳು. ಬಹಳ ಕಾಲ ಅವರಿಬ್ಬರಿಗೂ ಪರಿಚಯವೇ ಇರಲಿಲ್ಲ. ನಡುವೆ ಕಾಲುವೆ, ಕಾಲುವೆಯಂಚಿಗೆ ಉಪ್ಪುನೀರಿನಲ್ಲಿ ಬೇರು ಊರಿ ನಿಂತ ಕಾಂಡ್ಲಾ. ಆಮೇಲೆ ದೊಡ್ಡ ಚಂಡಮಾರುತ ಬಂತು. ಅದು ಹೋದ ಬೆಳಿಗ್ಗೆ ದ್ವೀಪದ ಯಾವ ಮರದಲ್ಲೂ ಒಂದು ಎಲೆ ಉಳಿದಿರಲಿಲ್ಲ. ಬೋಳು ಕೊಂಬೆಗಳ ನಡುವಿನಿಂದ ಹಾಯ್ಟ್ ನೋಡಿದರೆ, ಆಚೆ ದಡದಲ್ಲಿ ಬಿಳಿಗೂದಲಿನ ಹೆಂಗಸೊಬ್ಬಳು ಮಂಡಿಯವರೆಗಿನ ಬೂಟು ಹಾಕಿಕೊಂಡು ಮನೆಯೊಳಗಿನ ಕೆಸರನ್ನು ಸಲಿಕೆಯಲ್ಲಿ ಎತ್ತಿ ಹೊರಗೆ ಎಸೆಯುತ್ತಿದ್ದಳು. ಜೊತೆಗೆ ಏರುದನಿಯಲ್ಲಿ ಹಾಡುತ್ತಿದ್ದಳು. ಇವನೂ ಸಲಿಕೆ ಹಿಡಿದಿದ್ದ, ಆದರೆ ಹಾಡುತ್ತಿರಲಿಲ್ಲ.

ಕರೆಂಟಿಲ್ಲದ ಆ ದಿನಗಳಲ್ಲಿ ಸಂಜೆ ಕೆಲಸ ನಿಲ್ಲಿಸಿ ಅವಳು ಮೀನಿನ ಪೆಟ್ಟಿಗೆ ಬೋರಲು ಹಾಕಿ ದಡದಲ್ಲಿ ಕೂರುತ್ತಿದ್ದಳು. ಗ್ಯಾಸಿನ ಸಣ್ಣ ಒಲೆಯಲ್ಲಿ ಮಾಡಿದ ಕ್ಯೂಬಾದ ಕಾಫಿಯ ಬೆರಳಗಲದ ಲೋಟವನ್ನು ಇವನತ್ತ ಎತ್ತುತ್ತಿದ್ದಳು. ಇವನು ತನ್ನ ಮಗ್ ಎತ್ತುತ್ತಿದ್ದ. ಅಷ್ಟೇ. ಅದಕ್ಕಿಂತ ಹೆಚ್ಚೇನೂ ನಡೆಯಲಿಲ್ಲ. ಆದರೆ ಆ ಒಂದು ಗಳಿಗೆಗಾಗಿ ಹಾಯ್ಟ್ ದಿನವಿಡೀ ಕಾಯುತ್ತಿದ್ದ, ಅದು ನಡೆದ ಮೇಲೆ ಹೊಟ್ಟೆ ತುಂಬಿದವನಂತೆ ಒಳಗೆ ಹೋಗುತ್ತಿದ್ದ.

ಕಾಂಡ್ಲಾ ಚಿಗುರಿತು. ಊರೆಲ್ಲ "ಮರ ಬದುಕಿತು" ಎಂದು ಸಂತೋಷಪಟ್ಟರೆ ಹಾಯ್ಟ್ ಒಬ್ಬ ಪ್ರತಿ ಚಿಗುರನ್ನೂ ಸಾಲಗಾರನ ಹಾಗೆ ದುರುಗುಟ್ಟಿಕೊಂಡು ನೋಡಿದ. ಮೊದಲು ಅವಳ ಬೂಟು ಮರೆಯಾಯಿತು, ಆಮೇಲೆ ಪೆಟ್ಟಿಗೆ, ಕೊನೆಗೆ ಲೋಟ ಹಿಡಿದ ಕೈ. ಇನ್ನೊಮ್ಮೆ ನೀರು ನುಗ್ಗದಿರಲೆಂದು ಅವಳು ಉಳಿದವರಂತೆ ಮನೆಯನ್ನು ಕಂಬಗಳ ಮೇಲಕ್ಕೆ ಎತ್ತರಿಸಿಕೊಂಡಳು. ಎಲೆಗಳ ಮೇಲೆ ಈಗ ಕಾಣುತ್ತಿದ್ದದ್ದು ಮಹಡಿ ಜಗಲಿಯ ಬೂದು ಬಣ್ಣದ ಸೊಳ್ಳೆಜಾಲರಿ ಮಾತ್ರ. ಅದನ್ನು ನೋಡಿ ಏನು ಮಾಡುವುದು? ಅವಳು ಮೊದಲು ಕೂರುತ್ತಿದ್ದ ಜಾಗದ ಕಡೆಗೇ ಹಾಯ್ಟ್ ಮುಖ ಮಾಡಿ, ಎಲೆಗಳನ್ನು ನೋಡುತ್ತ, ಸಂಜೆ ಕಾಫಿ ಕುಡಿಯುತ್ತಿದ್ದ. ಸುತ್ತುಬಳಸಿ ರಸ್ತೆಯಲ್ಲಿ ಹೋಗಬಹುದಿತ್ತು. ಹೋಗಿ ಏನೆನ್ನುವುದು? ದೋಣಿಯನ್ನು ಚಂಡಮಾರುತ ತಿಂದಿತ್ತು, ಮಾತು ಮೊದಲೇ ಇರಲಿಲ್ಲ.

ಗರಗಸ ಹಿಡಿದು ತಾನೇ ಇಳಿಯೋಣವೆಂದರೆ ಅದೂ ಆಗದು. ಫ್ಲಾರಿಡಾದಲ್ಲಿ ಮೇಯರನ್ನು ಬೈದು ದಕ್ಕಿಸಿಕೊಳ್ಳಬಹುದು, ಕಾಂಡ್ಲಾ ಕೊಂಬೆ ಕಡಿದು ದಕ್ಕಿಸಿಕೊಳ್ಳುವುದು ಕಷ್ಟ, ಕಾನೂನು ಅಷ್ಟು ಬಿಗಿ. ಎತ್ತರದ ಮರವಾದರೆ ಅದನ್ನೇ ಕಸುಬು ಮಾಡಿಕೊಂಡವರನ್ನು ಕರೆಸಬೇಕು. ಹಾಗಾಗಿ ಲುವಾನ್ ಬಂದಳು.

ಅವಳು ಬಂದದ್ದು ತಳ ಚಪ್ಪಟೆಯ ಪುಟ್ಟ ದೋಣಿಯಲ್ಲಿ, ಉದ್ದ ಹಿಡಿಯ ಗರಗಸ, ಏಣಿ, ಒಂದು ಡಬ್ಬಿ ಸೊಳ್ಳೆ ಔಷಧಿ ಇಟ್ಟುಕೊಂಡು. ಐವತ್ತರ ಹೆಂಗಸು, ಬಿಸಿಲಿಗೆ ಕೆಂಪಾದ ಮೂಗು, ನಗುವುದಕ್ಕೆ ಕಾರಣ ಹುಡುಕುವ ಮುಖ. ದಕ್ಕೆಗೆ ಹಗ್ಗ ಕಟ್ಟುತ್ತಲೇ ಅವಳು, "ಮಿಸ್ಟರ್ ಹಾಯ್ಟ್, ನೀವು ದಿನಾ ಕೂರೋ ಕುರ್ಚಿ ತಂದು, ದಿನಾ ಕೂರೋ ಥರಾನೇ ಕೂತ್ಕೊಳ್ಳಿ" ಎಂದಳು.

"ಯಾಕೆ?"

"ನಾನು ಬೇಲಿ ಕತ್ತರಿಸೋ ಥರ ಮರದ ತಲೆ ಬೋಳಿಸಲ್ಲ. ಎಲೆ ನಡುವೆ ಒಂದು ಕಿಟಕಿ ಬಿಡಿಸ್ತೀನಿ. ಕಿಟಕಿ ಎಲ್ಲಿ ಬೇಕು ಅಂತ ಬಾಯಿ ಹೇಳೋದಕ್ಕಿಂತ ಕುರ್ಚಿ ಚೆನ್ನಾಗಿ ಹೇಳುತ್ತೆ."

ಹಾಯ್ಟ್ ಕುರ್ಚಿ ತಂದ. ಪಶ್ಚಿಮಕ್ಕೆ ಹಾಕಬೇಕೆಂದು ಮನಸ್ಸಿನಲ್ಲಿತ್ತು. ಆದರೆ ಅಭ್ಯಾಸ ಬಿಡಬೇಕಲ್ಲ, ಕುರ್ಚಿ ತನ್ನಷ್ಟಕ್ಕೆ ಒಡಾಲಿಸಳ ಮನೆಯತ್ತ ತಿರುಗಿ ಕೂತಿತು. ಅದರ ಮೇಲೆ ಅವನೂ ಕೂತ.

ಲುವಾನ್ ಅವನ ಬೆನ್ನ ಹಿಂದಿನ ಆಕಾಶ ನೋಡಿದಳು, ಮುಂದಿನ ಕಾಂಡ್ಲಾ ನೋಡಿದಳು, ತಲೆ ಕೆರೆದುಕೊಂಡಳು. "ಫೋನಲ್ಲಿ ಸೂರ್ಯಾಸ್ತ ಅಂದಂಗಿತ್ತು."

"ಉದಯ," ಎಂದ ಹಾಯ್ಟ್. "ಸೂರ್ಯೋದಯ ಅಂದೆ."

ಹಿಂದೆ ಅಡುಗೆಮನೆಯ ಬಾಗಿಲಲ್ಲಿ ವರ್ನಾ ಬೆಂಡೆಕಾಯಿ ಹೆಚ್ಚುತ್ತ ನಿಂತಿದ್ದಳು. ಅವಳ ಚಾಕು ನಿಂತಿತು. "ಕೆಲಸ ಬಿಟ್ಟ ಮೇಲೆ ನೀನು ಸೂರ್ಯ ಹುಟ್ಟೋದನ್ನ ಯಾವತ್ತು ನೋಡಿದ್ದೀಯೋ ಮಹರಾಯ? ನಿನ್ನ ಪಾಲಿಗೆ ಅವನು ನೆತ್ತಿ ಮೇಲೇ ಹುಟ್ಟೋದು."

"ಅಕ್ಕಾ, ನೀನು ಒಳಗೆ ಹೋಗು."

"ಹೋಗ್ತೀನಪ್ಪ. ನಿನ್ನ ಸೂರ್ಯ ಬೂಟು ಹಾಕ್ಕೊಂಡು ಬರ್ತಾನಾ, ಬರಿಗಾಲಲ್ಲಿ ಬರ್ತಾನಾ, ಅಷ್ಟು ಹೇಳಿಬಿಡು."

ಹಾಯ್ಟನ ಕಿವಿ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತು. ಹಕ್ಕಿ ನೋಡಬೇಕು, ಆಚೆ ಕಡೆ ಹದ್ದಿನ ಗೂಡಿದೆ ಎಂದೆಲ್ಲ ತೊದಲಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಆ ಕಥೆಯಾಯಿತು. ಲುವಾನ್ ಏನೂ ಕೇಳದೆ, ತುದಿಗೆ ಕಿತ್ತಳೆ ಬಣ್ಣದ ಬಟ್ಟೆ ಕಟ್ಟಿದ ಉದ್ದ ಕೋಲು ಹಿಡಿದು ದೋಣಿಯನ್ನು ಎದುರು ದಡಕ್ಕೆ ನೂಕಿದಳು. ಎಲೆಗಳ ನಡುವೆ ಕೋಲು ಆಡಿಸುತ್ತ, "ಇಲ್ಲೇನಾ? ಇಲ್ಲೇನಾ?" ಎಂದು ಕೂಗಿದಳು.

"ಎಡಕ್ಕೆ. ಇನ್ನೂ ಸ್ವಲ್ಪ ಕೆಳಗೆ. ಹಾಂ, ಅಲ್ಲೇ! ಅಲ್ಲೇ!" ಎಂದು ಹಾಯ್ಟ್ ಕೂಗಿದ. ಅಷ್ಟು ಗಟ್ಟಿಯಾಗಿ ಅವನು ಕೂಗಿದ್ದನ್ನು ವರ್ನಾ ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ.

ಲುವಾನ್ ಕೋಲಿನಿಂದ ಎಲೆ ಸರಿಸಿ ಆಚೆ ಇಣುಕಿದಳು. ಆಚೆ ಹದ್ದೂ ಇರಲಿಲ್ಲ, ಗೂಡೂ ಇರಲಿಲ್ಲ. ಬೋರಲು ಹಾಕಿದ ಒಂದು ಹಳೆಯ ಮೀನಿನ ಪೆಟ್ಟಿಗೆ ಇತ್ತು. ಅವಳು ಸೊಂಟದವರೆಗೆ ಬಗ್ಗಿ ಬೇರುಗಳನ್ನು ಪರೀಕ್ಷಿಸಿ, ದೋಣಿ ತಿರುಗಿಸಿಕೊಂಡು ವಾಪಸ್ಸು ಬಂದಳು.

"ಮಿಸ್ಟರ್ ಹಾಯ್ಟ್, ಈ ಮರ ನಿಮ್ಮದಲ್ಲ. ಬೇರು ಆಚೆ ಮನೆಯವರ ಜಾಗದ್ದು."

"ನೀರಲ್ಲಿ ನಿಂತಿದೆ ತಾನೇ? ನೀರಲ್ಲಿ ನಿಂತಿದ್ದು ನೀರಿಂದು, ಯಾರಪ್ಪಂದೂ ಅಲ್ಲ ಅನ್ಕೊಂಡಿದ್ದೆ."

"ಎಲ್ಲರೂ ಹಂಗೇ ಅನ್ಕೊಳ್ಳೋದು. ಅವರು ಹೂಂ ಅನ್ನದೆ ನಾನು ಒಂದು ಎಲೆ ಮುಟ್ಟಲ್ಲ."

"ಹಾಗಾದ್ರೆ ನೀವೇ ಹೋಗಿ ಒಂದು ಮಾತು ಕೇಳಿ."

"ಕತ್ತರಿಸೋದು ನನ್ನ ಕೆಲಸ, ಕೇಳೋದು ನಿಮ್ಮದು," ಎಂದಳು ಲುವಾನ್. "ನಾನು ಹೋದೆ ಅಂತಿಟ್ಕೊಳ್ಳಿ, 'ಅವರಿಗೆ ಯಾಕಂತೆ ಕಿಟಕಿ' ಅಂತಾರೆ. ಆಗ ನಾನೇನು ಹದ್ದು ಅನ್ಲಾ? ದೋಣಿ ಹತ್ತಿ. ಎರಡು ನಿಮಿಷದ ದಾರಿ."

ಹಾಯ್ಟ್ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡ. ಮರ ಸವರಿಸಿಕೊಂಡು, ಯಾರಿಗೂ ಏನೂ ಹೇಳದೆ, ಹಳೆಯ ಹಾಗೆ ದೂರದಿಂದ ಲೋಟ ಎತ್ತುವ ಆ ಕೈ ನೋಡಿಕೊಂಡು ಇದ್ದುಬಿಡಬೇಕೆಂದು ಅವನು ಲೆಕ್ಕ ಹಾಕಿದ್ದ. ಈಗ ನೋಡಿದರೆ, 'ನಿಮ್ಮನ್ನು ನೋಡಬೇಕು' ಎಂದು ನೋಡಬೇಕಾದವಳಿಗೇ ಮೊದಲು ಹೋಗಿ ಹೇಳಬೇಕು. ಇಲ್ಲವೆಂದು ಬಾಗಿಲು ಹಾಕಿಕೊಂಡರೆ ಎಲೆಗಳನ್ನು ನೋಡಿ ಕಾಫಿ ಕುಡಿಯುವ ಸುಖವೂ ಹೋಯಿತು. ಅವನಿಗೆ ನಿಜವಾಗಿ ಭಯವಾಯಿತು.

ವರ್ನಾ ಒಳಗಿನಿಂದ ಕಾಗದದಲ್ಲಿ ಸುತ್ತಿದ, ಹೊಗೆಯಲ್ಲಿ ಹದ ಮಾಡಿದ ಮಲೆಟ್ ಮೀನು ತಂದು ಅವನ ಮಡಿಲಿಗೆ ಹಾಕಿದಳು. "ಬರಿಗೈಲಿ ಹೋಗಬೇಡ. ಮತ್ತೆ ಆ ಶರ್ಟು ಬಿಚ್ಚು, ನೀಲಿದು ಹಾಕ್ಕೋ."

"ನಾನು ಹೋಗ್ತೀನಿ ಅಂತ ಯಾರು ಹೇಳಿದ್ದು?"

"ಎಲೆ ನೋಡ್ಕೊಂಡು ನೀನು ನಿಟ್ಟುಸಿರು ಬಿಡೋದನ್ನ ಕೇಳಿ ಕೇಳಿ ನನ್ನ ಕಿವಿ ಹೋಗಿದೆ ಕಣೋ. ಹೋಗು. ಅವಳೇನು ಹುಲಿಯಾ?"

ನೀಲಿ ಶರ್ಟು ಹಾಕಿಕೊಂಡು ಹಾಯ್ಟ್ ದೋಣಿ ಹತ್ತಿದ. ಮೀನಿನ ಪೊಟ್ಟಣವನ್ನು ಕೂಸಿನ ಹಾಗೆ ಎದೆಗೊತ್ತಿಕೊಂಡಿದ್ದ. ಲುವಾನ್ ಕಾಂಡ್ಲಾದ ಪಕ್ಕದಿಂದ ಬಳಸಿ, ಒಡಾಲಿಸಳ ಹೊಸ ಮೆಟ್ಟಿಲಿಗೆ ದೋಣಿ ತಂದು ನಿಲ್ಲಿಸಿದಳು.

ಒಡಾಲಿಸ್ ಮನೆಯ ಕಂಬಗಳ ನಡುವೆ, ನೆರಳಿನಲ್ಲಿ, ಸ್ಟೂಲಿನ ಮೇಲೆ ನಿಲ್ಲಿಸಿಕೊಂಡ ನಾಯಿಗೆ ಕ್ಷೌರ ಮಾಡುತ್ತಿದ್ದಳು. ಅರ್ಧ ನಾಯಿ ಬೋಳು, ಅರ್ಧ ನಾಯಿ ಜಡೆ. ಅವಳು ಕತ್ತರಿ ಎತ್ತಿಕೊಂಡೇ ತಿರುಗಿದಳು. ಬೋಳು ಕೊಂಬೆಗಳ ನಡುವೆ ಕಂಡದ್ದಕ್ಕಿಂತ ಅವಳು ಕುಳ್ಳಗಿದ್ದಳು, ಕಣ್ಣು ಮಾತ್ರ ಅಂದುಕೊಂಡದ್ದಕ್ಕಿಂತ ಚುರುಕಾಗಿದ್ದವು.

"ಅಂತೂ ಬಂದ್ರಿ," ಎಂದಳು.

ಈ 'ಅಂತೂ' ಯಾಕೆ ಬಂತೆಂದು ಯೋಚಿಸುವಷ್ಟು ಬುದ್ಧಿ ಆಗ ಹಾಯ್ಟನಲ್ಲಿ ಉಳಿದಿರಲಿಲ್ಲ. ಅವನು ಮೀನು ಮುಂದೆ ಚಾಚಿದ. "ಮಲೆಟ್ಟು. ನಮ್ಮಕ್ಕ ಕೊಟ್ಟಿದ್ದು."

"ಥ್ಯಾಂಕ್ಸ್. ಬರೀ ಮೀನು ಕೊಡೋಕೆ ಬಂದ್ರಾ?"

"ಮರ," ಎಂದ ಹಾಯ್ಟ್. "ಆ ಮರ ಸ್ವಲ್ಪ ಸವರಿಸೋಣ ಅಂತ. ನೀವು ಒಪ್ಪಿದ್ರೆ. ನಮ್ಮ ಕಡೆಯಿಂದ ಸೂರ್ಯಾಸ್ತ…"

"ಸೂರ್ಯ ಈಗ ನಮ್ಮನೆ ಅಡಿಗೇ ಬಂದು ಮುಳುಗ್ತಾನಾ?" ಒಡಾಲಿಸ್ ಕಂಬಗಳ ನಡುವೆ ಅತ್ತಿತ್ತ ಹುಡುಕುವವಳಂತೆ ನೋಡಿದಳು. "ನಾನು ನೋಡೇ ಇಲ್ವಲ್ಲ."

ದೋಣಿಯಲ್ಲಿ ಲುವಾನ್ ತನ್ನ ಗರಗಸದ ಹಲ್ಲುಗಳನ್ನು ಬಹಳ ಆಸಕ್ತಿಯಿಂದ ಒರೆಸತೊಡಗಿದಳು. ನಾಯಿ ಹಾಯ್ಟನನ್ನೇ ನೋಡಿತು. ಹದ್ದಿನ ಗೂಡು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡ. ಸುಳ್ಳೂ ಸಾಲದೆ ಬಂದು, ನಿಜವೂ ಹೊರಡದೆ, ಪೊಟ್ಟಣದ ಎಣ್ಣೆ ಹತ್ತಿದ ಕೈಯನ್ನು ನೀಲಿ ಶರ್ಟಿಗೆ ಒರೆಸಿಕೊಂಡ.

"ನೀವು ಕಾಣಲ್ಲ," ಎಂದ ಕೊನೆಗೆ. "ಮೊದಲು ಕಾಣ್ತಿದ್ರಿ. ಕೆಸರು ಎತ್ತೋವಾಗ. ಆಗ ನಮ್ಮನೇಲಿ ಗೋಡೆ ಇರ್ಲಿಲ್ಲ, ದೋಣಿ ಹೋಗಿತ್ತು, ಆದ್ರೂ ನಾನು ಚೆನ್ನಾಗಿದ್ದೆ. ಈಗ ಎಲ್ಲಾ ಇದೆ. ಸಂಜೆ ಮಾತ್ರ ಆಗೋದೇ ಇಲ್ಲ. ನಿಮ್ಮನ್ನ ನೋಡಬೇಕು ಅನ್ಸುತ್ತೆ. ಅದಕ್ಕೇ ಮರ."

ತನ್ನ ಬಾಯಿಂದ ಇಷ್ಟು ಮಾತು ಹೊರಬಿದ್ದದ್ದಕ್ಕೆ ಅವನೇ ಬೆರಗಾಗಿ ನಿಂತ. ಒಡಾಲಿಸ್ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು. ಅವಳ ಮುಖದಲ್ಲಿದ್ದ ಕೀಟಲೆ ಹೋಗಿತ್ತು.

"ಆ ಮರ ಮುಟ್ಟೋ ಹಂಗಿಲ್ಲ," ಎಂದಳು.

ಹಾಯ್ಟ್ ತಲೆಯಾಡಿಸಿದ. ಆಯಿತು ಎನ್ನುವಂತೆ ಮತ್ತೊಮ್ಮೆ ತಲೆಯಾಡಿಸಿ ದೋಣಿಯತ್ತ ತಿರುಗಿದ.

"ನಿಲ್ಲಿ ಮಾರಾಯ್ರೆ, ಪೂರ್ತಿ ಕೇಳಿ! ನಿಮ್ಮ ಮೇಲೆ ಕೋಪ ಅಲ್ಲ, ಹರಕೆ." ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು. "ಚಂಡಮಾರುತದ ದಿನ ನಾನು ಇಲ್ಲೇ ಇದ್ದೆ. ನಾಯಿ ಎತ್ಕೊಂಡು ಅಡುಗೆ ಕಟ್ಟೆ ಮೇಲೆ ನಿಂತಿದ್ದೆ. ಯಾರದೋ ದೋಣಿ, ಯಾರದೋ ಮನೆ ಚಾವಣಿ, ತೇಲ್ಕೊಂಡು ನೇರ ನನ್ನ ಗೋಡೆಗೇ ಬರ್ತಿತ್ತು. ಈ ಕಾಂಡ್ಲಾ ಎಲ್ಲಾ ಹಿಡ್ಕೊಳ್ತು. ನಮ್ಮ ಕ್ಯೂಬಾದವರ ಕಾರಿದಾದ್ ಮಾತೆಗೆ ಅಲ್ಲೇ ಹೇಳ್ಕೊಂಡೆ, ಮನೆ ಉಳಿದ್ರೆ ನಾನಿರೋವರೆಗೂ ಈ ಮರಕ್ಕೆ ಯಾರೂ ಕತ್ತಿ ಹಾಕದಂಗೆ ನೋಡ್ಕೊತೀನಿ ಅಂತ. ದೇವರಿಗೆ ಕೊಟ್ಟ ಮಾತು. ನೀವಲ್ಲ, ಗವರ್ನರೇ ಬಂದು ಕೇಳಿದ್ರೂ ಇಲ್ಲ ಅಂತೀನಿ."

"ಸರಿಯಾಗೇ ಹೇಳ್ಕೊಂಡಿದ್ದೀರಿ," ಎಂದ ಹಾಯ್ಟ್. ಅದನ್ನು ಅವನು ಮನಸ್ಸಾರೆ ಹೇಳಿದ. ಅವಳ ಗೋಡೆ ಉಳಿಸಿದ ಮರವನ್ನು ಸಾಲಗಾರನಂತೆ ನೋಡಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಹೇಳಬೇಕಾದದ್ದನ್ನೆಲ್ಲ ಹೇಳಿಯೂ ಆಗಿತ್ತು, ಕೈಗೆ ಏನೂ ಸಿಕ್ಕಿರಲಿಲ್ಲ.

"ಮತ್ತೆ ಈ ನೀಲಿ ಶರ್ಟು ಚೆನ್ನಾಗಿದೆ," ಎಂದಳು ಒಡಾಲಿಸ್. "ಗುರುವಾರ ಹಾಕಿದ್ರಲ್ಲ ಗೆರೆ ಗೆರೆದು, ಅದು ಚೆನ್ನಾಗಿಲ್ಲ."

ಹಾಯ್ಟನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಗುರುವಾರ ನಾನು ಹೊರಗೆಲ್ಲೂ ಹೋಗಿಲ್ಲ. ದಕ್ಕೆ ಮೇಲೆ ಕೂತಿದ್ದೆ."

"ಹೌದು. ತಲೆ ಬಾಚ್ಕೊಂಡು ಬಂದು ಕೂತಿದ್ರಿ. ದಿನಾ ಬಾಚ್ಕೊಂಡೇ ಬರ್ತೀರಿ. ಎಡಗಡೆ ಬೈತಲೆ ನಿಮಗೆ ಒಪ್ಪಲ್ಲ ಅಂತ ಎಷ್ಟು ಸಲ ಅನ್ಕೊಂಡಿದ್ದೀನಿ. ಆಮೇಲೆ ಎಲೆಗಳಿಗೆ ಕಾಫಿ ಎತ್ತಿ ತೋರಿಸ್ತೀರಿ. ಪಾಪ, ಎಲೆಗಳು ಏನನ್ಕೊಂಡ್ವೋ."

"ನೀವು… ಎಲ್ಲಿಂದ?"

ಅವಳು ಬೆರಳೆತ್ತಿ ಮೇಲೆ ತೋರಿಸಿದಳು. ಮಹಡಿಯ ಜಗಲಿ. ಬೂದು ಬಣ್ಣದ ಸೊಳ್ಳೆಜಾಲರಿ.

ಸೊಳ್ಳೆಜಾಲರಿಯಿಲ್ಲದ ಮನೆ ಸ್ನುಕ್ ಕೀಯಲ್ಲಿ ಒಂದೂ ಇಲ್ಲ. ಹಗಲಲ್ಲಿ ಹೊರಗಿನಿಂದ ನೋಡಿದರೆ ಅದು ಗೋಡೆ, ಒಳಗಿನಿಂದ ನೋಡಿದರೆ ಗಾಳಿ. ಇದು ಅಲ್ಲಿಯ ಮಕ್ಕಳಿಗೂ ಗೊತ್ತು, ಹುಟ್ಟಿದಾಗಿನಿಂದ ಅಂಥದರ ಹಿಂದೆಯೇ ಕೂತು ಬೆಳೆದ ಹಾಯ್ಟನಿಗೆ ಗೊತ್ತಿಲ್ಲದೆ ಏನು? ಆದರೆ ಅವನ ಕಣ್ಣು ಅವಳನ್ನು ಮೀನಿನ ಪೆಟ್ಟಿಗೆಯ ಮೇಲೆ ಕೂರಿಸಿಬಿಟ್ಟಿತ್ತು. ಮನೆ ಮೇಲೆ ಹೋದದ್ದನ್ನು ನೋಡಿಯೂ, ಮನೆಯೊಡತಿಯನ್ನು ಮಾತ್ರ ಕೆಳಗೇ ಬಿಟ್ಟು, ಅವಳಿಲ್ಲದ ಜಾಗಕ್ಕೆ ಇಷ್ಟು ಕಾಲ ಮಗ್ ಎತ್ತಿದ್ದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ, ತನ್ನನ್ನು ಯಾರೂ ನೋಡುತ್ತಿಲ್ಲವೆಂದು ನಂಬಿಕೊಂಡಿದ್ದ.

"ಮತ್ತೆ ಒಂದು ಮಾತು ಕೂಗಬಾರದಾಗಿತ್ತಾ?" ಎಂದು ಅವನು ರೇಗಿದ.

"ಯಾರು, ನಾನಾ?" ಒಡಾಲಿಸ್ ಸೊಂಟಕ್ಕೆ ಕೈ ಕೊಟ್ಟಳು. "ಮೇಲಿಂದ ನಾನೂ ದಿನಾ ಲೋಟ ಎತ್ತಿದ್ದೀನಿ. ನೀವು ಒಂದಿನ, ಒಂದೇ ಒಂದಿನ ತಲೆ ಎತ್ತಿದ್ರೆ ಜಾಲರಿ ಬಾಗಿಲು ತೆಗೆದು ಕೈ ಬೀಸೋಣ ಅಂತಿದ್ದೆ. ಎತ್ತಿದ್ರೆ ತಾನೇ! ಆಮೇಲೆ ಹಟ ಬಂತು. ಅವರೇ ಬರ್ಲಿ, ಬಾಯಿ ಬಿಟ್ಟು ಕೇಳ್ಲಿ ಅಂತ. ಬನ್ನಿ ಮೇಲೆ. ನೀವು ಹೇಗೆ ಕಾಣ್ತೀರಿ ಅಂತ ನೀವೇ ನೋಡಿ."

ಅರ್ಧ ಬೋಳು ನಾಯಿ ಮುಂದೆ, ಒಡಾಲಿಸ್ ಅದರ ಹಿಂದೆ, ಮಂಡಿ ಹಿಡಿದುಕೊಂಡು ಹಾಯ್ಟ್ ಕೊನೆಗೆ, ಹೀಗೆ ಮೆಟ್ಟಿಲು ಹತ್ತಿದರು. ಮೇಲೆ ಬೆತ್ತದ ಎರಡು ಕುರ್ಚಿಗಳಿದ್ದವು. ಒಂದರ ಮೆತ್ತೆ ಕೂತು ಕೂತು ತಗ್ಗಾಗಿತ್ತು, ಇನ್ನೊಂದರದು ಹೊಸದರಂತೆ ಉಬ್ಬಿತ್ತು. ಹಾಯ್ಟ್ ಜಾಲರಿಯ ಹತ್ತಿರ ಹೋಗಿ ನಿಂತ.

ಕಾಂಡ್ಲಾದ ತುದಿಗಳಾಚೆ ಅವನ ದಕ್ಕೆ ಅಂಗೈಯಂತೆ ಕಾಣುತ್ತಿತ್ತು. ಅದರ ಮೇಲೆ ವರ್ನಾ ಅವನ ಕುರ್ಚಿಯನ್ನು ಹತ್ತಿ ನಿಂತು, ಒಂದು ಕೈಯಲ್ಲಿ ಬೆಂಡೆಕಾಯಿಯ ಬುಟ್ಟಿ ಹಿಡಿದು, ಎಲೆಗಳ ನಡುವೆ ಏನಾದರೂ ಕಂಡೀತೇ ಎಂದು ಕತ್ತು ಉದ್ದ ಮಾಡುತ್ತಿದ್ದಳು. ಕಾಣದೆ ಹೋದಾಗ ಕೆಳಗಿಳಿದು ಬಗ್ಗಿ ನೋಡಿದಳು. ಮತ್ತೆ ಹತ್ತಿದಳು. ಒಡಾಲಿಸ್ ಅಂಗಿಯ ತೋಳನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಹಾಯ್ಟನಿಗೂ ನಗು ತಡೆಯಲಾಗಲಿಲ್ಲ.

ನಗು ನಿಂತ ಮೇಲೆ ಅವನು ಸುಮ್ಮನೆ ನೋಡುತ್ತಿದ್ದ. ಆ ದಕ್ಕೆಯ ಮೇಲೆ ತಾನು ಕಳೆದ ಸಂಜೆಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಮಂಜು ಮುಸುಕಿದ ಸಂಜೆ, ಜ್ವರ ಬಂದರೂ ಕಂಬಳಿ ಹೊದ್ದು ಬಂದು ಕೂತ ಸಂಜೆ, ಇನ್ನು ಈ ಹುಚ್ಚು ಸಾಕು ಎಂದು ಎದ್ದು ಹೋಗಿ ಮರುದಿನ ಮತ್ತೆ ಬಂದ ಸಂಜೆ. ಅವುಗಳಲ್ಲಿ ಒಂದರಲ್ಲೂ ತಾನು ಒಂಟಿಯಾಗಿರಲಿಲ್ಲ. ಅದು ತಿಳಿದದ್ದೇ ಹಾಯ್ಟನ ಕಣ್ಣು ತುಂಬಿತು, ಅದನ್ನು ಅವನು ಮುಚ್ಚಿಡಲೂ ಹೋಗಲಿಲ್ಲ. ಇಷ್ಟು ಸಂತೋಷ ತನ್ನ ಪಾಲಿಗೆ ಬಂದು ಕೂತದ್ದು ತನಗೇ ಗೊತ್ತಿರಲಿಲ್ಲವಲ್ಲ ಎಂದು ಮಾತ್ರ ಅನ್ನಿಸಿತು.

"ಮಿಸ್ಟರ್ ಹಾಯ್ಟ್!" ಕೆಳಗಿನಿಂದ ಲುವಾನ್ ಕೂಗಿದಳು. "ನೀರು ಇಳೀತಾ ಇದೆ. ಈಗ ಹೊರಡ್ಲಿಲ್ಲ ಅಂದ್ರೆ ನನ್ನ ದೋಣಿ ಕೆಸರಲ್ಲಿ ಕೂರುತ್ತೆ. ಮರ ಏನಾಯ್ತು? ನೀವು ಬರ್ತೀರಾ, ಇಲ್ವಾ?"

ಹಾಯ್ಟ್ ಒಡಾಲಿಸಳತ್ತ ನೋಡಿದ. ಅವಳು ತಗ್ಗು ಮೆತ್ತೆಯ ಕುರ್ಚಿಯಲ್ಲಿ ಕೂತು, ನಾಯಿಯ ಬೋಳು ಬೆನ್ನು ಸವರುತ್ತ, ಕಾಲುವೆಯನ್ನೇ ನೋಡುತ್ತಿದ್ದಳು. ಅವಳು ಸಹಾಯ ಮಾಡುವಂತೆ ಕಾಣಲಿಲ್ಲ.

ಅವನು ಜಾಲರಿಗೆ ಬಾಯಿ ಹತ್ತಿರ ತಂದು, ಎರಡು ದಡಕ್ಕೂ ಕೇಳುವಂತೆ ಕೂಗಿದ: "ಮರ ಇದ್ದಂಗೇ ಇರ್ಲಿ ಲುವಾನ್! ನೀವು ಹೊರಡಿ! ನಾನು ಇಲ್ಲೇ ಇರ್ತೀನಿ!"

ಆಚೆ ದಡದಲ್ಲಿ ವರ್ನಾ ಕುರ್ಚಿಯ ಮೇಲೆ ಬೆಚ್ಚಿದಳು. ತಮ್ಮನ ದನಿ ಎಲ್ಲಿಂದ ಬಂತೆಂದು ಎಲೆಗಳಲ್ಲಿ ಹುಡುಕಿದಳು, ನೀರಿನಲ್ಲಿ ಹುಡುಕಿದಳು, ಕೊನೆಗೆ ತಲೆಯೆತ್ತಿ ನೇರವಾಗಿ ಜಾಲರಿಯನ್ನೇ ದಿಟ್ಟಿಸಿದಳು. ಹಾಯ್ಟ್ ಅವಳತ್ತ ಕೈ ಬೀಸಿದ.

"ಅವರಿಗೆ ಕಾಣಲ್ಲ," ಎಂದಳು ಒಡಾಲಿಸ್.

"ಗೊತ್ತು," ಎಂದ ಹಾಯ್ಟ್, ಮತ್ತೆ ಕೈ ಬೀಸಿದ.